ಗೋದಾಮಿಗೆ ಯಾವ ಪ್ಯಾಕಿಂಗ್ ಮಷೀನ್? ವೇಗ ನೋಡುವ ಮೊದಲು ಆರ್ಡರ್ ನೋಡಿ

ಪ್ಯಾಕಿಂಗ್ ಮಷೀನ್ ಮಾರುವವರು ಮೊದಲು ಎತ್ತುವುದು ವೇಗದ ಮಾತು. ನಿಮಿಷಕ್ಕೆ ಇಷ್ಟು ಬಾಕ್ಸ್, ಗಂಟೆಗೆ ಇಷ್ಟು ಕವರ್. ಆ ಲೆಕ್ಕ ಸುಳ್ಳೇನಲ್ಲ. ಒಂದೇ ಅಳತೆಯ ಬಾಕ್ಸ್‌ಗಳು ಒಂದರ ಹಿಂದೆ ಒಂದು ಬರುತ್ತಾ ಇದ್ದರೆ ಮಷೀನ್ ಅಷ್ಟು ಕೆಲಸ ಮಾಡಿಯೇ ಮಾಡುತ್ತದೆ. ಆದರೆ ಆನ್‌ಲೈನ್ ಆರ್ಡರ್ ಕಳಿಸುವ ಗೋದಾಮಿನಲ್ಲಿ ಮಾಲು ಹಾಗೆ ಬರುವುದಿಲ್ಲ, ಅಲ್ವಾ? ಒಂದು ಆರ್ಡರಿನಲ್ಲಿ ಅರ್ಧ ಕೆಜಿ ಕಾಫಿಪುಡಿ. ಮುಂದಿನದರಲ್ಲಿ ಎರಡು ಬಾಟಲಿ ಜೇನು, ಒಂದು ಪ್ಯಾಕೆಟ್ ಏಲಕ್ಕಿ. ಅದರ ಮುಂದಿನದು ಹಬ್ಬಕ್ಕೆ ನೆಂಟರಿಗೆಲ್ಲ ಹಂಚುವಷ್ಟು ಸಾಮಾನು. ಮೂರಕ್ಕೂ ಬೇರೆ ಬೇರೆ ಬಾಕ್ಸ್ ಬೇಕು.

ಹಾಗಾಗಿ ದಿನಕ್ಕೆ ಎಷ್ಟು ಆರ್ಡರ್ ಅನ್ನುವ ಪ್ರಶ್ನೆಗಿಂತ ಮೊದಲು ಎಷ್ಟು ಬಗೆಯ ಆರ್ಡರ್ ಅನ್ನುವ ಪ್ರಶ್ನೆ ಕೇಳಿಕೊಳ್ಳಬೇಕು. ದಿನಕ್ಕೆ 2,000 ಆರ್ಡರ್ ಇದ್ದು ಎಲ್ಲವೂ ಎರಡೇ ಅಳತೆಯಲ್ಲಿ ಮುಗಿಯುವ ಗೋದಾಮಿಗೆ ಒಂದು ಮಷೀನ್ ಸರಿ. 500 ಆರ್ಡರ್ ಇದ್ದು ಹದಿನೈದು ಅಳತೆಯ ಬಾಕ್ಸ್ ಬಳಸುವ ಗೋದಾಮಿಗೆ ಬೇರೆಯದೇ ಬೇಕು. ಈ ವ್ಯತ್ಯಾಸ ಗಮನಿಸದೆ ತಂದ ಮಷೀನುಗಳು ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ಗೋದಾಮುಗಳ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿರುವುದನ್ನು ನೋಡಿದ್ದೇನೆ. ಮಷೀನು ಕೆಟ್ಟಿರುವುದಿಲ್ಲ. ಅಲ್ಲಿನ ಕೆಲಸಕ್ಕೆ ಅದು ಹೊಂದಿರುವುದಿಲ್ಲ, ಅಷ್ಟೇ.

ಮೊದಲು ಪ್ಯಾಕಿಂಗ್ ಟೇಬಲ್ ಮುಂದೆ ನಿಂತುಕೊಳ್ಳಿ

ಯಾವ ಕೊಟೇಶನ್ ತರಿಸುವ ಮೊದಲೂ ಒಂದು ಮಧ್ಯಾಹ್ನ ನಿಮ್ಮ ಪ್ಯಾಕಿಂಗ್ ಟೇಬಲ್ ಪಕ್ಕ ನಿಂತು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಕೆಲಸದವರಿಗೆ ಮೊದಲೇ ಹೇಳಿ. ಅವರನ್ನು ಅಳೆಯಲು ಬಂದಿದ್ದೀರಿ ಅಂದುಕೊಂಡರೆ ಕೈ ಬೇಕೆಂದೇ ಬೇಗ ಆಡುತ್ತದೆ, ಲೆಕ್ಕ ತಪ್ಪುತ್ತದೆ.

ಒಂದು ಆರ್ಡರ್ ಹೇಗೆ ಸಾಗುತ್ತದೆ ನೋಡಿ. ಪ್ಯಾಕ್ ಮಾಡುವ ಹುಡುಗಿ ಟ್ರೇ ನೋಡುತ್ತಾಳೆ, ಯಾವ ಬಾಕ್ಸ್ ಅಂತ ಯೋಚಿಸುತ್ತಾಳೆ, ಬಗ್ಗಿ ಕೆಳಗಿನಿಂದ ಒಂದು ಚಪ್ಪಟೆ ರಟ್ಟು ಎಳೆಯುತ್ತಾಳೆ, ಬಿಡಿಸಿ ನಿಲ್ಲಿಸುತ್ತಾಳೆ. ತಳ ಮಡಚಿ ಟೇಪ್ ಹಾಕುತ್ತಾಳೆ. ಸಾಮಾನು ಸ್ಕ್ಯಾನ್ ಮಾಡಿ ಒಳಗಿಡುತ್ತಾಳೆ. ಬಿಲ್ ಹಾಕಿ, ಖಾಲಿ ಉಳಿದ ಜಾಗಕ್ಕೆ ಏನೋ ತುರುಕಿ, ಮೇಲೆ ಟೇಪ್ ಎಳೆದು, ಲೇಬಲ್ ಅಂಟಿಸುತ್ತಾಳೆ. ಉದಾಹರಣೆಗೆ ಬಾಕ್ಸ್ ಆರಿಸಿ ಬಿಡಿಸಲು 20 ಸೆಕೆಂಡ್, ತಳದ ಟೇಪಿಗೆ 10, ಸಾಮಾನು ನೋಡಿ ಇಡಲು 25, ತುಂಬಲು 15, ಮೇಲಿನ ಟೇಪಿಗೆ 8, ಲೇಬಲಿಗೆ 12 ಅಂತ ಇಟ್ಟುಕೊಳ್ಳಿ. ಒಟ್ಟು 90 ಸೆಕೆಂಡ್. ಇದರಲ್ಲಿ ಟೇಪಿನ ಪಾಲು 18 ಸೆಕೆಂಡ್, ಅಂದರೆ ಐದರಲ್ಲಿ ಒಂದು ಭಾಗ. ಟೇಪಿಂಗ್ ಮಷೀನ್ ಎಷ್ಟೇ ಚುರುಕಾಗಿರಲಿ, ಉಳಿಸುವುದು ಆ ಒಂದು ಭಾಗವನ್ನು ಮಾತ್ರ. ಉಳಿದ 72 ಸೆಕೆಂಡ್ ಹಾಗೇ ಇರುತ್ತದೆ.

ನಿಮ್ಮಲ್ಲಿ ಈ ಸಂಖ್ಯೆಗಳು ಬೇರೆ ಇರುತ್ತವೆ. ಗಾಜಿನ ಬಾಟಲಿ ಕಳಿಸುವವರಿಗೆ ತುಂಬುವ ಕೆಲಸವೇ ಜಾಸ್ತಿ. ಬಟ್ಟೆ ಕಳಿಸುವವರಿಗೆ ಮಡಚಿ ಕವರಿಗೆ ಹಾಕುವುದೇ ಜಾಸ್ತಿ. ಎಲ್ಲಿ ಹೊತ್ತು ಹೋಗುತ್ತಿದೆಯೋ ಅಲ್ಲಿಗೆ ಮಷೀನ್ ಹುಡುಕಿ. ಎಷ್ಟೋ ಸಲ ಹೊತ್ತು ಹೋಗುವುದು ಟೇಬಲಿನಲ್ಲೇ ಅಲ್ಲ, ರ‍್ಯಾಕಿನಿಂದ ಮಾಲು ಆರಿಸಿ ತರುವ ಪಿಕ್ಕರನ್ನು ಕಾಯುವುದರಲ್ಲಿ. ಅಲ್ಲಿ ಯಾವ ಪ್ಯಾಕಿಂಗ್ ಮಷೀನೂ ಉಪಯೋಗಕ್ಕೆ ಬರುವುದಿಲ್ಲ. ರ‍್ಯಾಕ್ ಜೋಡಣೆ ಬದಲಿಸಬೇಕು.

ಬಾಕ್ಸೋ, ಕವರೋ

ಮಷೀನಿನ ಆಯ್ಕೆಗಿಂತ ಮೊದಲು ತೀರ್ಮಾನ ಆಗಬೇಕಾದದ್ದು ಇದು. ಮುರಿಯದ, ಒಡೆಯದ ಮಾಲನ್ನು ರಟ್ಟಿನ ಬಾಕ್ಸಿನಲ್ಲಿ ಕಳಿಸುವುದು ದುಡ್ಡು ಪೋಲು ಮಾಡಿದಂತೆ. ಕಾರಣ ಕೊರಿಯರ್ ಲೆಕ್ಕದಲ್ಲಿದೆ. ನಮ್ಮಲ್ಲಿ ಹೆಚ್ಚಿನ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಬಂದ ಉತ್ತರ ಕೆಜಿಯಲ್ಲಿ. ಆ ಗಾತ್ರದ ತೂಕ, ತಕ್ಕಡಿಯ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಕೆಲವು ಕಂಪನಿಗಳು 5,000ಕ್ಕಿಂತ ಕಡಿಮೆ ಸಂಖ್ಯೆಯಿಂದ ಭಾಗಿಸುತ್ತವೆ. ಆಗ ನಿಮಗೆ ಇನ್ನೂ ದುಬಾರಿ. ಒಪ್ಪಂದದಲ್ಲಿ ಅದನ್ನೊಂದು ನೋಡಿಕೊಳ್ಳಿ.

ಒಂದು ಇಳಕಲ್ ಸೀರೆಯನ್ನು 35×25×8 ಸೆಂಟಿಮೀಟರಿನ ಬಾಕ್ಸಿಗೆ ಹಾಕಿದರೆ 7,000 ಘನ ಸೆಂಟಿಮೀಟರ್, ಅಂದರೆ 1.4 ಕೆಜಿ. ಅರ್ಧ ಕೆಜಿಯ ಸ್ಲ್ಯಾಬ್ ಇದ್ದರೆ, ಅಂದರೆ ತೂಕವನ್ನು ಮುಂದಿನ ಅರ್ಧ ಕೆಜಿಗೆ ಏರಿಸಿ ಬಿಲ್ ಮಾಡುವುದಾದರೆ, 1.5 ಕೆಜಿಗೆ ದುಡ್ಡು ಕಟ್ಟುತ್ತೀರಿ. ಅದೇ ಸೀರೆ ಕವರಿನಲ್ಲಿ 30×25×4 ಆದರೆ 0.6 ಕೆಜಿ, ಬಿಲ್ 1 ಕೆಜಿಗೆ. ಸೀರೆ ಅದೇ, ಒಂದು ಸ್ಲ್ಯಾಬ್ ಉಳಿಯಿತು. ಉಡುಗೊರೆ ಬಾಕ್ಸ್ ಬೇಕೇ ಬೇಕು ಅನ್ನುವ ದುಬಾರಿ ಸೀರೆಗೆ ಬಾಕ್ಸ್ ಇರಲಿ. ದಿನನಿತ್ಯದ ಮಾಲಿಗೆ ಕವರ್ ಸಾಕು.

ಕವರ್ ಅಂತ ತೀರ್ಮಾನ ಆದರೆ ಮುಂದೆ ಮೂರು ದಾರಿ. ಮೊದಲನೆಯದು ಈಗ ಎಲ್ಲರೂ ಬಳಸುವ ಅಂಟಿನ ಪಟ್ಟಿಯ ಕೊರಿಯರ್ ಕವರ್, ಕೈಯಿಂದಲೇ ಮುಚ್ಚುವುದು. ದಿನಕ್ಕೆ ಕೆಲವು ನೂರು ಆರ್ಡರ್ ತನಕ ಇದಕ್ಕಿಂತ ಒಳ್ಳೆಯದಿಲ್ಲ. ಎರಡನೆಯದು ಆಟೋ ಬ್ಯಾಗರ್. ಇದರಲ್ಲಿ ಕವರ್‌ಗಳು ಒಂದಕ್ಕೊಂದು ಅಂಟಿಕೊಂಡು ರೋಲಿನಲ್ಲಿ ಬರುತ್ತವೆ. ಮಷೀನ್ ಗಾಳಿ ಊದಿ ಕವರಿನ ಬಾಯಿ ಬಿಡಿಸುತ್ತದೆ, ಎದುರು ಕೂತವರು ಮಾಲು ಹಾಕುತ್ತಾರೆ, ಮಷೀನ್ ಬಿಸಿಯಿಂದ ಬಾಯಿ ಮುಚ್ಚಿ ಹರಿದು ಕೆಳಗೆ ಬಿಡುತ್ತದೆ. ಪ್ರಿಂಟರ್ ಜೋಡಿಸಿದ ಮಾದರಿಯಾದರೆ ವಿಳಾಸ ಕವರಿನ ಮೇಲೇ ಅಚ್ಚಾಗಿ ಬರುತ್ತದೆ, ಬೇರೆ ಲೇಬಲ್ ಅಂಟಿಸುವ ಕೆಲಸವೇ ಇಲ್ಲ. ಒಂದೆರಡು ಅಳತೆಯಲ್ಲಿ ಕೆಲಸ ಮುಗಿಯುವ ಟೀ ಶರ್ಟ್, ಪುಸ್ತಕ, ಮೊಬೈಲ್ ಕವರ್, ಚಿಕ್ಕ ಬಿಡಿಭಾಗಗಳಿಗೆ ಇದು ಹೇಳಿ ಮಾಡಿಸಿದ್ದು.

ಮೂರನೆಯದು ಹಾಳೆಯ ರೋಲಿನಿಂದ ಮಾಲಿನ ಉದ್ದಕ್ಕೆ ತಕ್ಕ ಹಾಗೆ ಕವರ್ ತಾನೇ ಮಾಡಿಕೊಳ್ಳುವ ಮಷೀನ್. ಒಂದು ಆರ್ಡರಿಗೆ ಒಂದು ಕುರ್ತಾ, ಇನ್ನೊಂದಕ್ಕೆ ನಾಲ್ಕು ಅನ್ನುವವರಿಗೆ ಇದು ಹೊಂದುತ್ತದೆ. ಬೆಲೆ ಜಾಸ್ತಿ, ಜಾಗವೂ ಜಾಸ್ತಿ ಬೇಡುತ್ತದೆ. ಆರ್ಡರಿನ ಗಾತ್ರ ನಿಜವಾಗಿಯೂ ಏರಿಳಿಯುತ್ತಿದ್ದರೆ ಮಾತ್ರ ಇದಕ್ಕೆ ಹೋಗಿ.

ಇಲ್ಲಿ ಕಾನೂನಿನ ಒಂದು ಮಾತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ, ಅದಕ್ಕೆ 2022ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ, ಇವುಗಳ ಪ್ರಕಾರ ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಬ್ರ್ಯಾಂಡ್ ಮಾಲೀಕರ ಮೇಲೂ ಅದನ್ನು ಮರುಬಳಕೆಗೆ ಸೇರಿಸುವ ಹೊಣೆ ಬೀಳುತ್ತದೆ. ನಿಮಗೆ ಎಷ್ಟು ಅನ್ವಯಿಸುತ್ತದೆ ಅಂತ ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಕೇಳಿ. ಹಾಗೇ 2022ರ ಜುಲೈ 1ರಿಂದ ನಿಷೇಧವಾದ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿ ಬಾಕ್ಸಿನ ಸುತ್ತ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಮೈಸೂರ್ ಪಾಕ್, ಧಾರವಾಡ ಪೇಡ ಕಳಿಸುವವರು ಬಾಕ್ಸಿಗೆ ಪ್ಲಾಸ್ಟಿಕ್ ಸುತ್ತಿ ಬಿಸಿಯಿಂದ ಬಿಗಿ ಮಾಡುವ ಶ್ರಿಂಕ್ ಮಷೀನ್ ತರುವ ಮೊದಲು ಇದನ್ನು ನೆನಪಿಡಬೇಕು. ಕವರ್ ಮಷೀನ್ ಆರಿಸುವಾಗ ಕಾಗದದ ರೋಲನ್ನೂ ಓಡಿಸಬಲ್ಲದಾ ಅಂತ ಕೇಳಿ. ನಾಳೆ ನಿಯಮ ಇನ್ನೂ ಬಿಗಿಯಾದರೆ, ಅಥವಾ ಗಿರಾಕಿಗಳೇ ಪ್ಲಾಸ್ಟಿಕ್ ಬೇಡ ಅಂದರೆ, ಮಷೀನ್ ಬದಲಿಸುವ ಪ್ರಮೇಯ ಬರಬಾರದು.

ಟೇಪಿಂಗ್ ಮಷೀನ್: ಎರಡು ಜಾತಿ

ಬಾಕ್ಸ್ ಬಳಸುವ ಬಹುಪಾಲು ಗೋದಾಮುಗಳು ಮೊದಲು ಕೊಳ್ಳುವುದು ಇದನ್ನೇ. ಎರಡೂ ಬದಿಯಲ್ಲಿ ಬೆಲ್ಟ್ ಇರುತ್ತದೆ, ಅದು ಬಾಕ್ಸನ್ನು ಹಿಡಿದು ಮುಂದೆ ತಳ್ಳುತ್ತದೆ, ಮೇಲೊಂದು ಕೆಳಗೊಂದು ಟೇಪ್ ಹೆಡ್ ಒಟ್ಟಿಗೇ ಟೇಪ್ ಅಂಟಿಸುತ್ತವೆ. ಹೆಚ್ಚಿನವು ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತವೆ, ಕಂಪ್ರೆಸರ್ ಬೇಡ. ಕಟ್ಟುಮಸ್ತಾದ ಸರಳ ಮಷೀನ್.

ಒಂದು ಜಾತಿಯದರಲ್ಲಿ ಅಗಲ, ಎತ್ತರವನ್ನು ಹಿಡಿಕೆ ತಿರುಗಿಸಿ ಹೊಂದಿಸಬೇಕು. ಒಮ್ಮೆ ಹೊಂದಿಸಿದರೆ ಆ ಅಳತೆಯ ಬಾಕ್ಸ್ ಎಷ್ಟು ಬಂದರೂ ಓಡುತ್ತದೆ. ಬೇರೆ ಅಳತೆ ಬಂದರೆ ಮತ್ತೆ ಹಿಡಿಕೆ. ಇನ್ನೊಂದು ಜಾತಿಯದು ಪ್ರತಿ ಬಾಕ್ಸಿನ ಅಳತೆ ತಾನೇ ಹಿಡಿದು ಹೊಂದಿಕೊಳ್ಳುತ್ತದೆ. ಇದನ್ನು ರ‍್ಯಾಂಡಮ್ ಅಂತ ಕರೆಯುತ್ತಾರೆ. ಇದು ದುಬಾರಿ, ಸಾಮಾನ್ಯವಾಗಿ ಕಂಪ್ರೆಸರ್ ಗಾಳಿಯೂ ಬೇಕು, ನಿಮಿಷದ ವೇಗ ಮೊದಲನೆಯದಕ್ಕಿಂತ ಕಡಿಮೆ.

ಬರೀ ವೇಗ ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ, ಅಗ್ಗವೂ ಹೌದು. ಆದರೆ ಬೇರೆ ಬೇರೆ ಅಳತೆ ಬೆರೆತು ಬರುವ ಕಡೆ ಅದು ನಿಂತಿರುವ ಹೊತ್ತೇ ಓಡುವ ಹೊತ್ತಿಗಿಂತ ಜಾಸ್ತಿ. ಕೊನೆಗೆ ಕೆಲಸದವರು ಹಿಡಿಕೆ ತಿರುಗಿಸಿ ಬೇಸತ್ತು ಕೈ ಟೇಪಿಗೇ ಮರಳುತ್ತಾರೆ.

ಹಾಗಂತ ರ‍್ಯಾಂಡಮ್ಮೇ ಬೇಕು ಅಂತ ಆತುರಪಡಬೇಡಿ. ಮಧ್ಯದ ದಾರಿ ಒಂದಿದೆ, ನನಗೆ ಅದೇ ಹೆಚ್ಚು ಇಷ್ಟ. ಆರ್ಡರ್ ಲಿಸ್ಟನ್ನು ಬಾಕ್ಸ್ ಅಳತೆಯ ಪ್ರಕಾರ ವಿಂಗಡಿಸಿ. ಬೆಳಿಗ್ಗೆ ಚಿಕ್ಕ ಬಾಕ್ಸ್, ಊಟದ ನಂತರ ಮಧ್ಯಮ, ಸಂಜೆ ದೊಡ್ಡದು. ಹಿಡಿಕೆ ದಿನಕ್ಕೆ ಎರಡು ಮೂರು ಸಲ ತಿರುಗಿಸಿದರೆ ಆಯಿತು. ಗೋದಾಮಿನ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ, ಎಕ್ಸೆಲ್ ಶೀಟಿನಲ್ಲೂ ಮಾಡಬಹುದು. ಇದು ಸಾಧ್ಯವಾಗದ್ದು ಆರ್ಡರ್ ಬಂದ ಒಂದೆರಡು ಗಂಟೆಯಲ್ಲೇ ಕಳಿಸಬೇಕಾದವರಿಗೆ. ಅವರಿಗೆ ರ‍್ಯಾಂಡಮ್ ಬೇಕು.

ಮಷೀನ್ ನೋಡಲು ಹೋದಾಗ ಟೇಪ್ ಹೆಡ್ ಹೊರತೆಗೆದು ತೋರಿಸಲು ಹೇಳಿ. ಅಂಗೈಯಗಲದ ಆ ಭಾಗದಲ್ಲೇ ಮಷೀನಿನ ಜೀವ ಇರುವುದು. ಮುಂದಿನ ರೋಲರ್ ಟೇಪನ್ನು ಒತ್ತಿ ಅಂಟಿಸುತ್ತದೆ, ಹಲ್ಲಿನ ಬ್ಲೇಡ್ ಕತ್ತರಿಸುತ್ತದೆ, ಹಿಂದಿನ ರೋಲರ್ ಬಾಲವನ್ನು ಉಜ್ಜಿ ಕೂರಿಸುತ್ತದೆ. ರಟ್ಟಿನ ಧೂಳು, ಟೇಪಿನ ಅಂಟು ಸೇರಿ ಬ್ಲೇಡ್ ಮೊಂಡಾಗುತ್ತದೆ. ಆಗ ಟೇಪ್ ಕತ್ತರಿಸುವ ಬದಲು ಎಳೆದು ಹರಿಯುತ್ತದೆ, ಬಾಲ ಸುಕ್ಕುಗಟ್ಟುತ್ತದೆ. ಸ್ಕ್ರೂಡ್ರೈವರ್ ಇಲ್ಲದೆ ಹೆಡ್ ಎತ್ತಿ ತೆಗೆದು ಬ್ಲೇಡ್ ಒರೆಸಲು ಆಗುವ ಮಾದರಿಯನ್ನೇ ಆರಿಸಿ. ಒಂದು ಹೆಚ್ಚುವರಿ ಹೆಡ್ ಕೊಂಡಿಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ. ಎರಡು ಇಂಚಿನ ಟೇಪಿನ ಹೆಡ್ಡಿಗೆ ಮೂರು ಇಂಚಿನದು ಹಿಡಿಸುವುದಿಲ್ಲ ಅನ್ನುವುದೂ ಗಮನದಲ್ಲಿರಲಿ. ನಿಮ್ಮ ಭಾರದ ಬಾಕ್ಸಿಗೆ ಯಾವುದು ಬೇಕು ಅಂತ ಮೊದಲೇ ಹೇಳಬೇಕು.

ಕೆಳಗಿನ ಟೇಪನ್ನೂ ಈ ಮಷೀನೇ ಹಾಕುವುದರಿಂದ, ಮಾಲು ತುಂಬುವಾಗ ಬಾಕ್ಸಿನ ತಳ ಬರೀ ಮಡಚಿಕೊಂಡಿರುತ್ತದೆ. ಅದನ್ನು ಹಿಡಿದಿಡಲು ಮಷೀನಿನ ಮುಂದೆ ಒಂದು ಕಬ್ಬಿಣದ ಚೌಕಟ್ಟು ಬೇಕು. ಎಷ್ಟೋ ಕೊಟೇಶನ್‌ಗಳಲ್ಲಿ ಅದು ಸೇರಿರುವುದಿಲ್ಲ. ಸೇರಿಸಲು ಹೇಳಿ.

ಬಾಕ್ಸ್ ಬಿಡಿಸುವ ಮಷೀನ್, ಮತ್ತು ನಿಮ್ಮ ರಟ್ಟಿನ ಗುಣ

ಚಪ್ಪಟೆ ರಟ್ಟನ್ನು ಎಳೆದು, ಬಿಡಿಸಿ, ತಳ ಮಡಚಿ ಟೇಪ್ ಹಾಕಿ ಕೊಡುವ ಮಷೀನ್ ನೋಡಲು ಚೆನ್ನ. ಇದರ ಕೆಲಸವೆಲ್ಲ ರಬ್ಬರ್ ಬಟ್ಟಲುಗಳ ಮೇಲೆ ನಿಂತಿದೆ. ಆ ಬಟ್ಟಲುಗಳು ಗಾಳಿ ಹೀರಿ ರಟ್ಟನ್ನು ಹಿಡಿಯುತ್ತವೆ. ರಟ್ಟು ಸಮತಟ್ಟಾಗಿ, ಗಟ್ಟಿಯಾಗಿ, ಪ್ರತಿಯೊಂದೂ ಒಂದೇ ಅಳತೆಯಲ್ಲಿ ಇದ್ದರೆ ಹಿಡಿತ ಸಿಗುತ್ತದೆ. ಸೊಟ್ಟಗಾಗಿದ್ದರೆ ಗಾಳಿ ಸೋರಿ ರಟ್ಟು ಜಾರುತ್ತದೆ.

ನಮ್ಮ ತೊಂದರೆ ಇರುವುದು ಇಲ್ಲೇ. ಅಗ್ಗದ ಮೂರು ಪ್ಲೈ, ಅಂದರೆ ಮೂರು ಪದರದ, ಬಾಕ್ಸ್‌ಗಳಲ್ಲಿ ಮಡಿಕೆಯ ಗೆರೆ ಒಂದರಲ್ಲಿ ಆಳ, ಇನ್ನೊಂದರಲ್ಲಿ ತೆಳು. ಬದಿಯ ಜೋಡಣೆಗೆ ಗೋಂದಿನ ಬದಲು ಪಿನ್ ಹೊಡೆದಿರುತ್ತಾರೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ, ಮಲೆನಾಡಿನ ಕಡೆ, ನೆಲದ ಮೇಲಿಟ್ಟ ರಟ್ಟು ತೇವ ಕುಡಿದು ಮೆತ್ತಗಾಗುತ್ತದೆ. ಕೈಯಿಂದ ಮಡಚುವವರಿಗೆ ಇದ್ಯಾವುದೂ ದೊಡ್ಡ ವಿಷಯವಲ್ಲ. ಕೈ ಹೊಂದಿಕೊಳ್ಳುತ್ತದೆ. ಮಷೀನ್ ಹೊಂದಿಕೊಳ್ಳುವುದಿಲ್ಲ, ನಿಲ್ಲುತ್ತದೆ.

ಆದ್ದರಿಂದ ಈ ಮಷೀನ್ ಬೇಕು ಅನ್ನುವವರು ಮೊದಲು ಬಾಕ್ಸ್ ಮಾಡಿಕೊಡುವವರ ಹತ್ತಿರ ಮಾತಾಡಬೇಕು. ಗೋಂದಿನ ಜೋಡಣೆ, ಮಡಿಕೆಯ ಗೆರೆಯಲ್ಲಿ ಒಂದೇ ಆಳ, ಕಟ್ಟು ಬಾಗದ ಹಾಗೆ ಕಟ್ಟುವುದು, ಇಷ್ಟನ್ನು ಅವರು ಒಪ್ಪಬೇಕು. ಬಾಕ್ಸಿಗೆ ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆ ಖರ್ಚನ್ನೂ ಮಷೀನಿನ ಲೆಕ್ಕಕ್ಕೆ ಸೇರಿಸಿ. ಗೋದಾಮಿನಲ್ಲಿ ರಟ್ಟನ್ನು ಪ್ಯಾಲೆಟ್ (ನೆಲ ತಾಗದ ಹಾಗೆ ಮಾಲು ಪೇರಿಸುವ ಹಲಗೆ) ಮೇಲೆ, ಗೋಡೆಯಿಂದ ದೂರ ಇಡಬೇಕು.

ದಿನವಿಡೀ ಒಂದೆರಡು ಅಳತೆ, ನಿಮಿಷಕ್ಕೆ ಹತ್ತರ ಆಸುಪಾಸು ಬಾಕ್ಸ್ ಬೇಕು ಅನ್ನುವ ಕಡೆ ಇದು ದುಡಿಯುತ್ತದೆ. ಅಂಗಡಿಗಳಿಗೆ ಕೇಸುಗಟ್ಟಲೆ ಮಾಲು ಕಳಿಸುವ ಮಸಾಲೆಪುಡಿ, ಸೋಪು, ಅಗರಬತ್ತಿ ತಯಾರಕರಿಗೆ ಒಳ್ಳೆಯ ಹೂಡಿಕೆ. ಮನೆಮನೆಗೆ ಬಿಡಿ ಆರ್ಡರ್ ಕಳಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಅವರಿಗೆ ಮಷೀನೇ ಇಲ್ಲದ ಒಂದು ಉಪಾಯ ಇದೆ. ತಳ ತಾನೇ ಲಾಕ್ ಆಗುವ ಬಾಕ್ಸ್ ಮಾಡಿಸಿ. ಎರಡೂ ಮೂಲೆ ಒತ್ತಿದರೆ ತಳ ಕೂತುಬಿಡುತ್ತದೆ, ಟೇಪ್ ಬೇಡ. ಬಾಕ್ಸ್ ಮಡಚಿ ತಳಕ್ಕೆ ಟೇಪ್ ಹಾಕುವ ಹೊತ್ತಿನಲ್ಲಿ ಬಹುಪಾಲು ಉಳಿಯುತ್ತದೆ. ಸಾದಾ ಬಾಕ್ಸಿಗಿಂತ ಬೆಲೆ ಹೆಚ್ಚು, ನಿಜ. ಆದರೆ ಲಕ್ಷಗಟ್ಟಲೆ ಬಂಡವಾಳ ಬೇಡ, ಕರೆಂಟ್ ಬೇಡ, ರಿಪೇರಿ ಇಲ್ಲ. ಮೊದಲು ಒಂದು ಲಾಟ್ ತರಿಸಿ ನೋಡಬಹುದು. ಹೊಂದದಿದ್ದರೆ ಮರಳಿ ಹಳೆಯದಕ್ಕೆ ಹೋದರಾಯಿತು.

ಖಾಲಿ ಜಾಗ ತುಂಬುವುದು: ಗಾಳಿಯೋ ಕಾಗದವೋ

ಎರಡು ಬೇರೆ ಕೆಲಸಗಳನ್ನು ಇಲ್ಲಿ ಒಂದೇ ಅಂದುಕೊಳ್ಳುವವರು ಬಹಳ. ಬಾಕ್ಸಿನೊಳಗೆ ಮಾಲು ಅಲುಗಾಡದ ಹಾಗೆ ಜಾಗ ತುಂಬುವುದು ಒಂದು. ಬಿದ್ದಾಗ ಪೆಟ್ಟು ತಾಳಿಕೊಳ್ಳುವ ಹಾಗೆ ಮೆತ್ತೆ ಕೊಡುವುದು ಇನ್ನೊಂದು.

ಗಾಳಿ ದಿಂಬು ಮಾಡುವ ಮಷೀನ್ ಮೊದಲ ಕೆಲಸಕ್ಕೆ ಬಹಳ ಅನುಕೂಲ. ಟೇಬಲ್ ಮೇಲೆ ಕೂರುವಷ್ಟು ಚಿಕ್ಕದು, ಒಂದು ರೋಲಿನಲ್ಲಿ ಸಾವಿರಾರು ದಿಂಬು, ಇಡಲು ಜಾಗವೂ ಬೇಡ. ಬಾಕ್ಸಿನ ತೂಕಕ್ಕೆ ಏನೂ ಸೇರುವುದಿಲ್ಲ. ಆದರೆ ಭಾರದ ಗಾಜಿನ ಬಾಟಲಿಯ ಪಕ್ಕ ಇಟ್ಟರೆ ಬಾಟಲಿ ಅದನ್ನು ಒತ್ತಿಕೊಂಡು ಜಾರುತ್ತದೆ, ಚೂಪು ಮೂಲೆ ತಾಗಿದರೆ ಒಡೆಯುತ್ತದೆ. ಪ್ಲಾಸ್ಟಿಕ್ ಆದ್ದರಿಂದ ಮೇಲೆ ಹೇಳಿದ ನಿಯಮಗಳೂ ಅನ್ವಯಿಸುತ್ತವೆ. ಅಮೆಜಾನ್ ತನ್ನ ಭಾರತದ ಗೋದಾಮುಗಳಲ್ಲಿ 2020ರಲ್ಲೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪ್ಯಾಕಿಂಗ್ ಬಿಟ್ಟು ಕಾಗದಕ್ಕೆ ಹೊರಳಿದ್ದನ್ನು ನೆನಪಿಸಿಕೊಳ್ಳಿ.

ಕಾಗದದ ಮಷೀನ್‌ಗಳಲ್ಲಿ ಎರಡು ಬಗೆ. ಒಂದು ಕ್ರಾಫ್ಟ್ ಕಾಗದವನ್ನು ಸುಕ್ಕಾಗಿಸಿ ವೇಗವಾಗಿ ಉದ್ದುದ್ದ ಬಿಡುತ್ತದೆ, ಜಾಗ ತುಂಬಲು. ಇನ್ನೊಂದು ಎರಡು ಮೂರು ಪದರ ಸೇರಿಸಿ, ಬದಿಗಳನ್ನು ಒಳಗೆ ಮಡಚಿ, ಹೊಲಿದ ಹಾಗೆ ಒತ್ತಿ ದಪ್ಪ ಮೆತ್ತೆ ಮಾಡುತ್ತದೆ. ಜೇನು, ಉಪ್ಪಿನಕಾಯಿ ಬಾಟಲಿ, ಪಿಂಗಾಣಿ, ಎಂಜಿನ್ ಬಿಡಿಭಾಗಗಳಿಗೆ ಈ ಎರಡನೆಯದು. ಚನ್ನಪಟ್ಟಣದ ಗೊಂಬೆಗಳಿಗೆ ಮೊದಲನೆಯದು ಸಾಕು, ಅರಗಿನ ಹೊಳಪು ಗೀಚದ ಹಾಗೆ ಗೊಂಬೆಯನ್ನು ತೆಳು ಕಾಗದದಲ್ಲಿ ಸುತ್ತಿದ್ದರೆ. ಕಾಗದ ತೂಕ ಸೇರಿಸುತ್ತದೆ, ರೋಲ್‌ಗಳಿಗೆ ಒಣ ಜಾಗ ಬೇಕು. ಒಂದು ಬಾಕ್ಸಿಗೆ ಆಗುವ ಖರ್ಚು ಗಾಳಿಗಿಂತ ಸಾಮಾನ್ಯವಾಗಿ ಜಾಸ್ತಿ.

ಯಾವುದು ಸಾಕು ಅಂತ ತಿಳಿಯಲು ಬೀಳಿಸಿಯೇ ನೋಡಬೇಕು. ಇಸ್ಟಾ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮೂಲ ಪರೀಕ್ಷೆಯಲ್ಲಿ ಬಾಕ್ಸನ್ನು ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ಹಗುರ ಬಾಕ್ಸಿಗೆ ಎತ್ತರ ಸುಮಾರು 76 ಸೆಂಟಿಮೀಟರ್, ಹೆಚ್ಚುಕಡಿಮೆ ಟೇಬಲಿನಷ್ಟು. ಸರ್ಟಿಫಿಕೇಟ್ ಬೇಡದಿದ್ದರೆ ನಿಮ್ಮ ಗೋದಾಮಿನಲ್ಲೇ ಇದನ್ನು ಮಾಡಬಹುದು. ಮಷೀನ್ ಡೆಮೋಗೆ ಬಂದವರ ಮುಂದೆಯೇ ನಿಮ್ಮ ಬಾಟಲಿ ಇಟ್ಟು ಬೀಳಿಸಿ. ಮೂಲೆಯ ಮೇಲೆ ಬಿದ್ದಾಗ ಏನಾಗುತ್ತದೆ ಅನ್ನುವುದೇ ಮುಖ್ಯ. ಸಮತಟ್ಟಾಗಿ ಬೀಳುವ ಬಾಕ್ಸನ್ನು ಎಲ್ಲ ಮೆತ್ತೆಗಳೂ ಕಾಯುತ್ತವೆ.

ಅಳತೆಗೆ ತಕ್ಕ ಬಾಕ್ಸ್ ತಾನೇ ಮಾಡುವ ದೊಡ್ಡ ಮಷೀನ್

ಜಾಗ ತುಂಬುವುದಕ್ಕಿಂತ ಜಾಗವೇ ಇಲ್ಲದ ಬಾಕ್ಸ್ ಮಾಡಿದರೆ ಹೇಗೆ? ಅಮೆರಿಕದ ಪ್ಯಾಕ್‌ಸೈಜ್, ಇಟಲಿಯ ಸಿಎಂಸಿ, ನೆದರ್ಲೆಂಡ್ಸ್‌ನ ಸ್ಪಾರ್ಕ್ ಟೆಕ್ನಾಲಜೀಸ್ ಈ ದಾರಿಯಲ್ಲಿ ಹೋಗಿವೆ. ಇವುಗಳ ಪೂರ್ತಿ ಸ್ವಯಂಚಾಲಿತ ಮಾದರಿಗಳು ಮಾಲಿನ ಅಳತೆ ತಾವೇ ಹಿಡಿದು, ಪದರ ಪದರವಾಗಿ ಮಡಚಿ ಪೇರಿಸಿದ ಉದ್ದನೆಯ ರಟ್ಟಿನಿಂದ ಅಷ್ಟೇ ಅಳತೆಯ ಬಾಕ್ಸ್ ಕತ್ತರಿಸಿ, ಮಾಲಿನ ಸುತ್ತ ಮಡಚಿ, ಮುಚ್ಚಿ, ಲೇಬಲ್ ಹಾಕಿ ಹೊರಗೆ ಬಿಡುತ್ತವೆ. ಸ್ಪಾರ್ಕ್‌ನ ಚಿಕ್ಕ ಮಾದರಿಗೆ ಗಂಟೆಗೆ 500, ದೊಡ್ಡದಕ್ಕೆ 1,100 ಬಾಕ್ಸ್ ತನಕ ಅಂತ ಕಂಪನಿ ಹೇಳುತ್ತದೆ. ಬಗೆಬಗೆಯ ಆರ್ಡರ್ ಇರುವವರಿಗೆ ತತ್ವದಲ್ಲಿ ಇದಕ್ಕಿಂತ ಸರಿಯಾದ ಉತ್ತರ ಇಲ್ಲ.

ಆದರೆ ಗಂಟೆಗೆ 500 ಅಂದರೆ ಎಂಟು ಗಂಟೆಗೆ 4,000. ದಿನಕ್ಕೆ ಅಷ್ಟು ಆರ್ಡರ್ ವರ್ಷವಿಡೀ ಇರುವವರು ಎಷ್ಟು ಜನ? ಹಾಗೆ ಮಡಚಿದ ರಟ್ಟನ್ನು ಒಂದೇ ಗುಣದಲ್ಲಿ, ತಪ್ಪದೆ ಪೂರೈಸುವವರೂ ನಿಮಗೆ ಬೇಕು. ಅದಿಲ್ಲದೆ ಮಷೀನ್ ಮುಂದೆ ಹೋಗುವುದಿಲ್ಲ. ತಂತ್ರಜ್ಞರು ದೂರದಿಂದ ಬರಬೇಕಾದರೆ ಕೆಟ್ಟ ದಿನದ ನಷ್ಟ ದೊಡ್ಡದು. ದೊಡ್ಡ ಮಾರಾಟ ತಾಣಗಳಿಗೆ, ಹತ್ತಾರು ಬ್ರ್ಯಾಂಡ್‌ಗಳ ಮಾಲನ್ನು ಒಂದೇ ಸೂರಿನಡಿ ಕಳಿಸಿಕೊಡುವ ಗೋದಾಮು ಕಂಪನಿಗಳಿಗೆ ಇದು ಬಿಟ್ಟದ್ದು.

ಉಳಿದವರು ಅದೇ ತತ್ವವನ್ನು ಅಗ್ಗವಾಗಿ ಬಳಸಬಹುದು. ಬಾಕ್ಸ್ ಮಾಡಿಸುವಾಗ ಬೇರೆ ಬೇರೆ ಎತ್ತರದಲ್ಲಿ ಎರಡು ಮೂರು ಮಡಿಕೆ ಗೆರೆ ಹಾಕಿಸಿ. ಮಾಲು ಕಡಿಮೆ ಇದ್ದರೆ ಮೂಲೆಗಳನ್ನು ಗೆರೆಯ ತನಕ ಕೊಯ್ದು ತಗ್ಗಿನಲ್ಲಿ ಮಡಚಬಹುದು. ಇನ್ನೂ ಮುಖ್ಯವಾದದ್ದು, ಕಳೆದ ಕೆಲವು ತಿಂಗಳ ಆರ್ಡರ್‌ಗಳನ್ನು ಮುಂದಿಟ್ಟುಕೊಂಡು ಬಾಕ್ಸ್ ಅಳತೆಗಳನ್ನು ಹೊಸದಾಗಿ ಆರಿಸುವುದು. ಅರ್ಧ ಕೆಜಿಯ ಎರಡು ಕಾಫಿಪುಡಿ ಪ್ಯಾಕೆಟ್ ಇರುವ ಆರ್ಡರ್ ನೋಡಿ. 30×20×15ರ ಬಾಕ್ಸಿನಲ್ಲಿ ಅದು 1.8 ಕೆಜಿ, ಬಿಲ್ 2 ಕೆಜಿಗೆ. 22×16×12ರ ಬಾಕ್ಸಿನಲ್ಲಿ ಗಾತ್ರದ ತೂಕ 0.85 ಕೆಜಿಯೂ ಇಲ್ಲ. ಆಗ ತಕ್ಕಡಿಯ ತೂಕವೇ ಲೆಕ್ಕ, ಬಾಕ್ಸ್ ಸೇರಿ 1 ಕೆಜಿ ಚಿಲ್ಲರೆ, ಬಿಲ್ 1.5 ಕೆಜಿಗೆ. ಪ್ರತಿ ಆರ್ಡರಿಗೂ ಅರ್ಧ ಕೆಜಿ ಬಾಡಿಗೆ ಉಳಿಯಿತು. ಮಷೀನಿಗೆ ಒಂದು ರೂಪಾಯಿ ಹಾಕದೆ.

ತೂಕ, ಲೇಬಲ್, ಪ್ಯಾಲೆಟ್

ಕೊರಿಯರ್ ಕಂಪನಿಯ ಜೊತೆ ತೂಕದ ಜಗಳ ಮಾಡದ ಮಾರಾಟಗಾರರು ಸಿಗುವುದು ಕಷ್ಟ. ನೀವು ಅರ್ಧ ಕೆಜಿ ಅಂತ ಬರೆದಿರುತ್ತೀರಿ, ಅವರು 1 ಕೆಜಿ ಅಂತ ಬಿಲ್ ಕಳಿಸುತ್ತಾರೆ. ತೂಕ, ಅಳತೆ, ಬಾರ್‌ಕೋಡ್ ಮೂರನ್ನೂ ಒಟ್ಟಿಗೆ ಹಿಡಿದು ಫೋಟೋ ಸಮೇತ ದಾಖಲಿಸುವ ಮಷೀನ್ ಇದಕ್ಕೆ ಮದ್ದು. ನನ್ನನ್ನು ಕೇಳಿದರೆ ಬಿಡಿ ಆರ್ಡರ್ ಕಳಿಸುವವರು ಟೇಪಿಂಗ್ ಮಷೀನಿಗಿಂತ ಮೊದಲು ತರಬೇಕಾದದ್ದು ಇದು. ಬಾಕ್ಸಿನಲ್ಲಿ ಒಂದು ಐಟಂ ಬಿಟ್ಟುಹೋಗಿದ್ದರೂ ತೂಕದಲ್ಲಿ ಸಿಕ್ಕಿಬೀಳುತ್ತದೆ. ಗಿರಾಕಿಗೆ ಬೇಜಾರಾಗುವ ಮೊದಲೇ ತಪ್ಪು ಸರಿಯಾಗುತ್ತದೆ. ಕನ್ವೇಯರ್ ಮೇಲೆ ಓಡುತ್ತಾ ಅಳೆಯುವುದೂ ಇದೆ, ಟೇಬಲ್ ಮೇಲೆ ಇಟ್ಟು ಅಳೆಯುವುದೂ ಇದೆ. ಸಣ್ಣ ಗೋದಾಮಿಗೆ ಟೇಬಲಿನದು ಧಾರಾಳ ಸಾಕು.

ಲೇಬಲ್ ತಾನೇ ಅಂಟಿಸುವ ಮಷೀನ್ ಕನ್ವೇಯರ್ ಸಾಲು ಇರುವವರಿಗೆ ಮಾತ್ರ. ಉಳಿದವರಿಗೆ ಪ್ರತಿ ಟೇಬಲಿಗೂ ಒಂದು ಒಳ್ಳೆಯ ಥರ್ಮಲ್ ಪ್ರಿಂಟರ್ ಕೊಟ್ಟರೆ ಕೆಲಸ ಆಗುತ್ತದೆ. ಒಂದೇ ಪ್ರಿಂಟರ್ ಸುತ್ತ ನಾಲ್ಕು ಜನ ಓಡಾಡುವುದು ತಪ್ಪಿದರೆ ಅದೇ ದೊಡ್ಡ ಉಳಿತಾಯ.

ಪ್ಯಾಲೆಟ್ ಮೇಲೆ ಮಾಲು ಪೇರಿಸಿ ಲಾರಿಗೆ ಹಾಕುವವರು ಸ್ಟ್ರೆಚ್ ಫಿಲ್ಮ್ ಸುತ್ತುವ ಮಷೀನ್ ನೋಡಬಹುದು. ಕೈಯಿಂದ ಸುತ್ತುವವರು ಬಗ್ಗಿಕೊಂಡು ಹಿಂದೆ ಹಿಂದೆ ನಡೆಯಬೇಕು, ಬೆನ್ನಿಗೆ ಕೆಟ್ಟದ್ದು. ದಿನಕ್ಕೆ ಹತ್ತು ಹದಿನೈದು ಪ್ಯಾಲೆಟ್ ದಾಟಿದರೆ ತರಿಸಿಬಿಡಿ. ಫಿಲ್ಮನ್ನು ಮೊದಲೇ ಹಿಗ್ಗಿಸಿ ಬಿಡುವ ವ್ಯವಸ್ಥೆ ಇರುವುದನ್ನೇ ಆರಿಸಿ, ಫಿಲ್ಮ್ ಕಡಿಮೆ ಹಿಡಿಯುತ್ತದೆ.

ದುಡ್ಡಿನ ಲೆಕ್ಕ

ಮತ್ತೆ ಟೇಪಿನ ಆ 18 ಸೆಕೆಂಡಿಗೆ ಬರೋಣ. ದಿನಕ್ಕೆ 800 ಆರ್ಡರ್ ಆದರೆ ಉಳಿಯುವುದು 14,400 ಸೆಕೆಂಡ್, ಅಂದರೆ 4 ಗಂಟೆ. ಒಬ್ಬರ ಅರ್ಧ ದಿನದ ಕೆಲಸ. ಸಂಬಳ, ಪಿಎಫ್, ಇಎಸ್‌ಐ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಅಂತ ಇಟ್ಟುಕೊಂಡರೆ 10,000 ರೂಪಾಯಿ. ಮಷೀನ್ ಬೆಲೆ ಒಂದು ಲಕ್ಷ ಅಂದುಕೊಳ್ಳಿ, ಹತ್ತು ತಿಂಗಳಲ್ಲಿ ದುಡ್ಡು ವಾಪಸ್. ಅದೇ ಮಷೀನ್ ದಿನಕ್ಕೆ 150 ಆರ್ಡರ್ ಇರುವಲ್ಲಿ ಉಳಿಸುವುದು 45 ನಿಮಿಷ. ತಿಂಗಳಿಗೆ 2,000 ರೂಪಾಯಿಯೂ ಆಗುವುದಿಲ್ಲ. ದುಡ್ಡು ಮರಳಲು ನಾಲ್ಕು ವರ್ಷ ದಾಟುತ್ತದೆ. ನಿಮ್ಮ ಸಂಖ್ಯೆ ಹಾಕಿ ಇದೇ ರೀತಿ ಮಾಡಿ ನೋಡಿ. ಬ್ಲೇಡ್, ಬೆಲ್ಟ್, ಸರ್ವಿಸ್, ಕರೆಂಟಿನ ಖರ್ಚನ್ನು ಕಳೆಯಲು ಮರೆಯಬೇಡಿ. ಜಿಎಸ್‌ಟಿ 18 ಶೇಕಡಾ ಇರುತ್ತದೆ. ಸಾಮಾನ್ಯ ನೋಂದಣಿ ಇದ್ದವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಾದ ಕಾಂಪೊಸಿಷನ್‌ನಲ್ಲಿರುವವರಿಗೆ ಮರಳುವುದಿಲ್ಲ.

ದಸರಾ, ದೀಪಾವಳಿ ಸೇಲಿನ ದಿನಗಳ ಆರ್ಡರ್ ನೋಡಿ ಮಷೀನ್ ಕೊಳ್ಳಬೇಡಿ. ಆ ಕೆಲವು ವಾರಕ್ಕಾಗಿ ತಂದದ್ದು ಉಳಿದ ಹತ್ತು ತಿಂಗಳು ಅರ್ಧ ಸುಮ್ನೆ ನಿಂತಿರುತ್ತದೆ. ಸಾಮಾನ್ಯ ದಿನಕ್ಕಿಂತ ಸ್ವಲ್ಪ ಮೇಲೆ ಲೆಕ್ಕ ಹಾಕಿ ಕೊಳ್ಳಿ. ಹಬ್ಬಕ್ಕೆ ಕೈ ಪ್ಯಾಕಿಂಗ್ ಟೇಬಲ್ ಹೆಚ್ಚಿಸಿ.

ಇನ್ನು, ಈ ಲೆಕ್ಕವನ್ನು ಒಬ್ಬರನ್ನು ಕೆಲಸದಿಂದ ತೆಗೆಯುವ ಲೆಕ್ಕ ಮಾಡಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ವರ್ಷಗಟ್ಟಲೆ ಪ್ಯಾಕ್ ಮಾಡಿದವರಿಗೆ ಯಾವ ಮಾಲು ಎಲ್ಲಿ ಒಡೆಯುತ್ತದೆ ಅಂತ ಗೊತ್ತಿರುತ್ತದೆ. ಮಾಲು ಪರಿಶೀಲನೆ, ವಾಪಸ್ ಬಂದ ಆರ್ಡರ್‌ಗಳ ವಿಂಗಡಣೆ, ಇವಕ್ಕೆ ಅವರಷ್ಟು ಪಳಗಿದ ಕಣ್ಣು ಹೊಸಬರಲ್ಲಿ ಸಿಗುವುದಿಲ್ಲ.

ಕೊಳ್ಳುವ ಮೊದಲು ಕೇಳಬೇಕಾದದ್ದು

ನಿಮ್ಮ ಗೋದಾಮಿಗೆ ತ್ರೀ ಫೇಸ್ ಇದೆಯೇ, ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. ಗಾಳಿ ಬೇಡುವ ಮಷೀನುಗಳಿಗೆ ಸಾಮಾನ್ಯವಾಗಿ 6 ಬಾರ್ ಒತ್ತಡ ಬೇಕು. ಕಂಪ್ರೆಸರ್ ಬೆಲೆ ಕೊಟೇಶನ್ನಿನಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ಜೊತೆ ನೀರೂ ಪೈಪಿಗೆ ಸೇರುತ್ತದೆ. ಡ್ರೈಯರ್ ಇಲ್ಲದಿದ್ದರೆ ಟ್ಯಾಂಕಿನ ನೀರನ್ನು ದಿನಾ ಬೆಳಿಗ್ಗೆ ಬಿಡಬೇಕು. ವೋಲ್ಟೇಜ್ ಏರಿಳಿತ ಇರುವ ಕಡೆ ಸ್ಟೆಬಿಲೈಜರ್, ಕಂಟ್ರೋಲ್ ಪ್ಯಾನೆಲಿಗೆ ಯುಪಿಎಸ್, ಸರಿಯಾದ ಅರ್ಥಿಂಗ್, ಇವು ಬೇಕೇ ಬೇಕು.

ಬಿಡಿಭಾಗ ಎಲ್ಲಿ ಸಿಗುತ್ತದೆ ಅನ್ನುವುದು ಬೆಲೆಯಷ್ಟೇ ಮುಖ್ಯ. ಪೀಣ್ಯದಲ್ಲಿ ಸಿಗುವ ಬೇರಿಂಗ್, ಬೆಲ್ಟ್, ಹೀಟರ್ ಹಾಕಿರುವ ಮಷೀನ್ ಮಧ್ಯಾಹ್ನ ಕೆಟ್ಟರೆ ಮರುದಿನ ಓಡುತ್ತದೆ. ಹೊರದೇಶದಿಂದ ಒಂದು ಸೆನ್ಸರ್ ಬರಬೇಕಾದರೆ ವಾರಗಟ್ಟಲೆ ಕಾಯಬೇಕು. ಪದೇ ಪದೇ ಸವೆಯುವ ಭಾಗಗಳ ಪಟ್ಟಿ, ಒಂದೊಂದರ ಬೆಲೆ, ಎಷ್ಟು ದಿನದಲ್ಲಿ ಕೊಡುತ್ತಾರೆ, ಇವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಂದು ಸೆಟ್ ಮಷೀನಿನ ಜೊತೆಗೇ ತರಿಸಿ.

ಡೆಮೋಗೆ ಅವರ ಬಾಕ್ಸ್ ಬೇಡ. ನಿಮ್ಮದೇ ಬಾಕ್ಸ್, ನಿಮ್ಮದೇ ಮಾಲು ತೆಗೆದುಕೊಂಡು ಹೋಗಿ. ಚೆನ್ನಾಗಿರುವುದನ್ನು ಮಾತ್ರ ಆರಿಸಿಕೊಂಡು ಹೋಗಬೇಡಿ, ಮೂಲೆ ಜಜ್ಜಿದ್ದು, ಸ್ವಲ್ಪ ಸೊಟ್ಟಗಿರುವುದು, ತೇವ ಕುಡಿದದ್ದು ಎಲ್ಲ ಇರಲಿ. ಅಳತೆಗಳನ್ನು ಬೆರೆಸಿ, ನಿಮ್ಮಲ್ಲಿ ಬರುವ ಕ್ರಮದಲ್ಲೇ ಒಂದು ಗಂಟೆ ಓಡಿಸಲು ಹೇಳಿ. ಗಂಟೆಯ ಕೊನೆಗೆ ಸರಿಯಾಗಿ ಹೊರಬಂದ ಬಾಕ್ಸ್ ಎಷ್ಟು, ಎಷ್ಟು ಸಲ ಮಷೀನ್ ನಿಂತಿತು ಅಂತ ಬರೆದುಕೊಳ್ಳಿ. ಕ್ಯಾಟಲಾಗಿನ ವೇಗದ ಬದಲು ಈ ಸಂಖ್ಯೆಯನ್ನು ಖರೀದಿ ಆರ್ಡರಿನಲ್ಲಿ ಹಾಕಿಸಿ. ಕೊನೆಯ ಕಂತನ್ನು ಮಷೀನ್ ನಿಮ್ಮ ಗೋದಾಮಿನಲ್ಲಿ ಅದೇ ಸಂಖ್ಯೆ ತೋರಿಸಿದ ಮೇಲೆ ಕೊಡುವ ಹಾಗೆ ಷರತ್ತು ಇರಲಿ.

ಮಷೀನ್ ಬಂದ ದಿನ ಅದರ ಮುಂದೆ ನಿಲ್ಲುವವರಿಗೇ ತರಬೇತಿ ಕೊಡಿಸಿ, ಸೂಪರ್‌ವೈಸರಿಗೆ ಮಾತ್ರ ಅಲ್ಲ. ಮಷೀನನ್ನು ತಕ್ಷಣ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಅಂತ ಪ್ರತಿಯೊಬ್ಬರೂ ಒತ್ತಿ ನೋಡಲಿ. ಬೆಲ್ಟಿನ ಹತ್ತಿರ ದುಪಟ್ಟಾ, ಸೆರಗು, ಬಿಟ್ಟ ಜಡೆ ಸಿಕ್ಕಿಕೊಳ್ಳುವ ಅಪಾಯ ಇದೆ. ಮೇಲೊಂದು ಏಪ್ರನ್, ತಲೆಗೆ ಟೋಪಿ ಕೊಡಿ. ಟೇಪ್ ಹೆಡ್ಡಿನ ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು.